ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಮತ್ತು ದೇವನಹಳ್ಳಿ ಪರಿಸರ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ಬಳಿ, ಸುಮಾರು 4,000 ಎಕರೆಯಲ್ಲಿ ಹರಡಿರುವ ವಿಮಾನ ನಿಲ್ದಾಣ. ಕರ್ನಾಟಕದಲ್ಲೇ ಅತಿ ದೊಡ್ಡದು. ಸರ್ಕಾರಿ–ಖಾಸಗಿ ಸಹಭಾಗಿತ್ವದಲ್ಲಿ ನಿರ್ಮಾಣ 2005ರಲ್ಲಿ ಆರಂಭವಾಯಿತು.

ಬೆಳವಣಿಗೆ: 2008ರ ಮೇ 24ರಂದು ಕಾರ್ಯಾರಂಭವಾದಾಗ ನಗರದೊಳಗಿನ ಎಚ್‌ಎಎಲ್ ನಿಲ್ದಾಣದಿಂದ ವಾಣಿಜ್ಯ ವಿಮಾನಗಳು ಇಲ್ಲಿಗೆ ಸ್ಥಳಾಂತರಗೊಂಡವು. 2013ರಲ್ಲಿ ನಾಡಪ್ರಭು ಕೆಂಪೇಗೌಡರ ಹೆಸರಿಡಲಾಯಿತು. ಎರಡನೇ ರನ್‌ವೇ 2019ರಲ್ಲಿ ಬಳಕೆಗೆ ಬಂತು. 2022ರ ನವೆಂಬರ್ 11ರಂದು ಎರಡನೇ ಟರ್ಮಿನಲ್ ಹಾಗೂ ಕೆಂಪೇಗೌಡರ 108 ಅಡಿ ಎತ್ತರದ ಕಂಚಿನ ಪ್ರತಿಮೆ ಉದ್ಘಾಟನೆಯಾದವು. ಈ ಟರ್ಮಿನಲ್‌ನಲ್ಲಿ ಪ್ರಯಾಣಿಕರ ತಲೆಯ ಮೇಲೆ ಬಿದಿರಿನ ಹೊದಿಕೆಯಿದೆ. ಅದರ ನಡುವೆ ಹಸಿರು ಗಿಡಗಳು ತೂಗಾಡುತ್ತವೆ.

ಸುತ್ತಲಿನ ಪ್ರದೇಶ: ದೇವನಹಳ್ಳಿ ಮೊದಲು ಹೆಸರಾಗಿದ್ದುದು ಕೋಟೆಗೆ, ಟಿಪ್ಪು ಸುಲ್ತಾನನ ಜನ್ಮಸ್ಥಳವೆಂದು, ಜೊತೆಗೆ ಚಕ್ಕೋತಕ್ಕೆ. ದಪ್ಪ ಸಿಪ್ಪೆ, ನಸುಗೆಂಪು ತೊಳೆಗಳ ಈ ಹಣ್ಣಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ನಿಲ್ದಾಣ ಬಂದ ಮೇಲೆ ಬಳ್ಳಾರಿ ರಸ್ತೆ ಅಗಲವಾಯಿತು, ಹೆಬ್ಬಾಳದಿಂದ ಉತ್ತರಕ್ಕೆ ಮೇಲುರಸ್ತೆ ಎದ್ದಿತು. ದ್ರಾಕ್ಷಿ ತೋಟ, ರಾಗಿ ಹೊಲಗಳಿದ್ದಲ್ಲಿ ಬಡಾವಣೆ, ಹೋಟೆಲು, ಗೋದಾಮು ಬಂದವು. ವೈಮಾಂತರಿಕ್ಷ ಉದ್ಯಾನವೂ ಫಾಕ್ಸ್‌ಕಾನ್ ಕಂಪನಿಯ ಕಾರ್ಖಾನೆಯೂ ದೇವನಹಳ್ಳಿ ತಾಲ್ಲೂಕಿನಲ್ಲಿವೆ. ಭೂಮಿಯ ಬೆಲೆ ಏರಿ ಕೆಲವರಿಗೆ ಅನುಕೂಲವಾದರೆ, ಉಳುಮೆಯನ್ನೇ ನಂಬಿದವರಿಗೆ ನೆಲೆ ತಪ್ಪುವ ಆತಂಕ ಹುಟ್ಟಿತು.

ಭೂಸ್ವಾಧೀನ ವಿವಾದ: ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಕೃಷಿಭೂಮಿಯನ್ನು ಕೈಗಾರಿಕೆಗೆ ಸ್ವಾಧೀನಪಡಿಸಿಕೊಳ್ಳುವ ಪ್ರಸ್ತಾವದ ವಿರುದ್ಧ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ನಡೆಸಿದರು. 2025ರ ಜುಲೈ 15ರಂದು ರಾಜ್ಯ ಸರ್ಕಾರ ಆ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿತು.