ನಾಣ್ಯಗಳ ಯಥಾರ್ಥರೂಪವೂ ಛಾಯಾಚಿತ್ರವೂ

ಶಾಸನಗಳಂತೆಯೇ ನಾಣ್ಯಗಳೂ ಇತಿಹಾಸಕ್ಕೆ ಪ್ರಮಾಣಗಳೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಆದರೆ ನಾಣ್ಯವನ್ನು ಕೈಯಲ್ಲಿ ಹಿಡಿದು ಪರೀಕ್ಷಿಸುವ ಅವಕಾಶವು ಕೆಲವರಿಗೆ ಮಾತ್ರವೇ ಲಭಿಸುವುದು. ಮಿಕ್ಕವರು ಅದರ ಚಿತ್ರವನ್ನೇ ನಂಬಿ ವಾದಿಸಬೇಕಾಗುವುದು. ಆದುದರಿಂದ ಚಿತ್ರವು ಎಷ್ಟರ ಮಟ್ಟಿಗೆ ನಾಣ್ಯದ ನಿಜಸ್ವರೂಪವನ್ನು ತೋರಿಸುವುದೆಂಬುದು ವಿಚಾರಾರ್ಹವಾದುದು.

೧೮೨೩ ಮತ್ತು ೧೮೨೫ರಲ್ಲಿ ವಿಲಿಯಂ ಮಾರ್ಸ್‌ಡನ್ ಸಾಹೇಬರು ಪ್ರಕಟಿಸಿದ ಪೌರ್ವಾತ್ಯ ನಾಣ್ಯಗಳ ಗ್ರಂಥದಲ್ಲಿನ ಚಿತ್ರಗಳು ತಗಡಿನ ಮೇಲೆ ಕೊರೆದು ಅಚ್ಚೊತ್ತಿದವು. ಲಿಪಿಯನ್ನರಿಯದ ಕೊರೆಗಾರನ ಕೈಯಲ್ಲಿ ಸವೆದ ಅಕ್ಷರವು ಬೇರೊಂದಾಗುವ ಭಯವು ಈ ವಿಧಾನದಲ್ಲಿ ತಪ್ಪದು. ೧೮೩೯ರಲ್ಲಿ ದಾಗೇರ್ ಮತ್ತು ಟಾಲ್ಬಟ್ ಎಂಬವರ ಛಾಯಾಗ್ರಹಣ ವಿಧಾನಗಳು ಲೋಕಕ್ಕೆ ತಿಳಿದುಬಂದವು. ಅನಂತರ ಬ್ರಿಟಿಷ್ ಮ್ಯೂಜಿಯಮ್ಮಿನ ನಾಣ್ಯಸೂಚಿಗಳಲ್ಲಿ ನಾಣ್ಯದ ಪ್ಲಾಸ್ಟರ್ ಪಡಿಯಚ್ಚನ್ನು ತೆಗೆದು ಅದರ ಛಾಯಾಚಿತ್ರವನ್ನು ಮುದ್ರಿಸುವ ಕ್ರಮವು ರೂಢವಾಯಿತು. ಲೋಹದ ಹೊಳಪು ಅಡ್ಡಬಾರದುದರಿಂದ ಉಬ್ಬುತಗ್ಗುಗಳು ಇದರಲ್ಲಿ ಸ್ಫುಟವಾದವು. ಬಣ್ಣವೂ ಕಾಂತಿಯೂ ಮಾತ್ರ ಲೋಪವಾದವು.

ವಿಷ್ಣುವರ್ಧನನ ಹೊನ್ನಿನ ನಾಣ್ಯವನ್ನು ನಿದರ್ಶನವಾಗಿ ಗ್ರಹಿಸಬಹುದು. ಒಂದು ಮುಖದಲ್ಲಿ ಸಿಂಹಾಕೃತಿಯಿರುವುದು. ಇನ್ನೊಂದರಲ್ಲಿ ಶ್ರೀ ತಲಕಾಡುಗೊಂಡ ಎಂಬ ಬಿರುದು ಕನ್ನಡಾಕ್ಷರಗಳಲ್ಲಿರುವುದು. ಬೆಳಕು ನೆಟ್ಟಗೆ ಮೇಲಿನಿಂದ ಬಿದ್ದರೆ ನೆರಳಿಲ್ಲದೆ ಇಂಥ ಅಕ್ಷರಗಳು ಮಸುಳುವುವು. ತೀರ ಓರೆಯಾಗಿ ಬಿದ್ದರೆ ಗೀರೊಂದು ಕೊಂಬಿನಂತೆ ತೋರುವುದು. ಚಿತ್ರದ ಕೆಳಗಡೆಯಿಂದ ಬಂದರೆ ಉಬ್ಬಿದ ಅಕ್ಷರವೇ ಕೊರೆದುದೆಂಬ ಭ್ರಾಂತಿಯುಂಟಾಗುವುದು. ಎಡದ ಮೇಲ್ಗಡೆಯಿಂದ ಬೆಳಕನ್ನು ಬೀಳಿಸುವ ಸಂಪ್ರದಾಯಕ್ಕೆ ಇದೇ ಕಾರಣ.

ಶುಕ್ತಿಯಲ್ಲಿ ರಜತವನ್ನು ಕಾಣುವ ಭ್ರಮೆಯು ದರ್ಶನಗ್ರಂಥಗಳಲ್ಲಿ ಪ್ರಸಿದ್ಧವಾದ ದೃಷ್ಟಾಂತ. ಅಲ್ಲಿ ಬಾಧಕಜ್ಞಾನವು ಭ್ರಮೆಯನ್ನು ನಿವಾರಿಸುವಂತೆ, ಇಲ್ಲಿ ಬೆಳಕಿನ ದಿಕ್ಕನ್ನು ತಿರುಗಿಸಿ ತೆಗೆದ ಎರಡನೆಯ ಚಿತ್ರವು ಸಂಶಯವನ್ನು ನಿವಾರಿಸುವುದು. ಉಬ್ಬಿದ ರೇಖೆಯ ನೆರಳು ಬೆಳಕಿಗೆ ವಿಮುಖವಾದ ಪಕ್ಕದಲ್ಲಿಯೂ ಗೀರಿನ ನೆರಳು ಬೆಳಕು ಬರುವ ಪಕ್ಕದಲ್ಲಿಯೂ ನಿಲ್ಲುವುದರಿಂದ ಅಕ್ಷರಕ್ಕೂ ಗಾಯಕ್ಕೂ ಇರುವ ಭೇದವು ವ್ಯಕ್ತವಾಗುವುದು.

ಈ ಪರೀಕ್ಷೆಯು ಈಗ ಮನೆಯಲ್ಲಿಯೇ ಸಾಧ್ಯವಾಗಿದೆ. ಕ್ಯಾಮರಾವನ್ನು ಅಲುಗದಂತೆ ನಿಲ್ಲಿಸಿ, ಮಸೂರವು ನಾಣ್ಯದ ಮುಖಕ್ಕೆ ಸಮಾನಾಂತರವಾಗಿರುವಂತೆ ನೋಡತಕ್ಕುದು. ಪಕ್ಕದಲ್ಲಿ ಅಳತೆಪಟ್ಟಿಯನ್ನೂ ವರ್ಣನಿರ್ಣಯಕ್ಕಾಗಿ ಬೂದುಬಣ್ಣದ ಕಾಗದವನ್ನೂ ಇಡತಕ್ಕುದು. ಮಸೂರಕ್ಕೂ ನಾಣ್ಯಕ್ಕೂ ನಡುವೆ ಗಾಜನ್ನು ೪೫ ಡಿಗ್ರಿ ಓರೆಯಾಗಿ ನಿಲ್ಲಿಸಿ ಪಕ್ಕದಲ್ಲಿ ದೀಪವನ್ನಿಟ್ಟರೆ, ಗಾಜಿನಿಂದ ಪ್ರತಿಫಲಿಸಿದ ಬೆಳಕು ನಾಣ್ಯದ ಮೇಲೆ ನೆಟ್ಟಗೆ ಬಿದ್ದು ಬಣ್ಣವನ್ನೂ ಕಾಂತಿಯನ್ನೂ ತೋರಿಸುವುದು. ಇದು ಉಬ್ಬನ್ನು ಮರೆಸುವುದರಿಂದ ಓರೆಬೆಳಕಿನ ಚಿತ್ರವೂ ಜೊತೆಗಿರಬೇಕು.

ಚಿತ್ರವು ಚೆನ್ನಾಗಿ ಬರಲೆಂದು ನಾಣ್ಯವನ್ನು ಉಜ್ಜುವುದು ಸರ್ವಥಾ ಅನುಚಿತ. ಕೆಟ್ಟ ಚಿತ್ರವನ್ನು ಮತ್ತೆ ತೆಗೆಯಬಹುದು. ಉಜ್ಜಿ ಅಳಿಸಿದ ಅಕ್ಷರವು ಮರಳಿ ಬಾರದು. ತೂಕವನ್ನೂ ಲೋಹವನ್ನೂ ಛಾಯಾಚಿತ್ರವು ಹೇಳಲಾರದಾದುದರಿಂದ ಅವುಗಳನ್ನು ಬೇರೆಯಾಗಿ ಬರೆದಿಡಬೇಕು. ಹೀಗೆ ಬೆಳಕಿನ ದಿಕ್ಕನ್ನು ಸೂಚಿಸಿ ಪ್ರಕಟಿಸಿದ ಚಿತ್ರಗಳೇ ಪಾಠನಿರ್ಣಯಕ್ಕೆ ಆಧಾರವಾಗಲು ಯೋಗ್ಯವಾದವು. ಒಂದೇ ಚಿತ್ರವು ಒಬ್ಬನೇ ಸಾಕ್ಷಿಯಂತೆ, ವಿಚಾರಣೆಗೆ ಒಳಪಡತಕ್ಕುದು.