ಬೆಳಗಾವಿ ಯಾರದ್ದು? ರಾಷ್ಟ್ರಪತಿ ಒಬ್ಬರೇ ಹೇಳೋಕಾಗಲ್ಲ

ಬೆಳಗಾವಿ, ಖಾನಾಪುರದ ಗಡಿ ವಿವಾದ ಬಂದಾಗೆಲ್ಲ ಒಂದು ಪ್ರಶ್ನೆ ಏಳುತ್ತೆ: ರಾಷ್ಟ್ರಪತಿ ಸಹಿ ಹಾಕಿದ್ರೆ ಮುಗೀತಲ್ವಾ? ಇಲ್ಲ.

1956ರ ನವೆಂಬರ್ 1ರಂದು ಚಂದಗಡ ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯದಿಂದ ಮೈಸೂರಿಗೆ ಬಂತು. ತಂದದ್ದು ಸಂಸತ್ತಿನ ಕಾಯ್ದೆ. ಸಂವಿಧಾನದ 3ನೇ ವಿಧಿ ಪ್ರಕಾರ ಗಡಿ ಬದಲಿಸೋ ಮಸೂದೆ ಮಂಡಿಸೋಕೆ ರಾಷ್ಟ್ರಪತಿ ಶಿಫಾರಸು ಬೇಕೇ ಬೇಕು. ಮೊದಲು ಅವರು ಅದನ್ನು ಸಂಬಂಧಪಟ್ಟ ರಾಜ್ಯಗಳ ವಿಧಾನಮಂಡಲಕ್ಕೆ ಕಳಿಸಿ ಅಭಿಪ್ರಾಯ ಕೇಳಬೇಕು. ಆದ್ರೆ ಆ ಅಭಿಪ್ರಾಯವನ್ನು ಸಂಸತ್ತು ಒಪ್ಪಲೇಬೇಕು ಅಂತಿಲ್ಲ. ರಾಷ್ಟ್ರಪತಿ ನಡೆಯೋದೂ ಕೇಂದ್ರ ಸಚಿವ ಸಂಪುಟದ ಸಲಹೆಯಂತೆ.

2012ರಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧ ಉದ್ಘಾಟಿಸಿದ್ದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ. ಸೌಧದ ಬಾಗಿಲು ತೆರೆದ ಅದೇ ಕೈಗೆ, ಊರಿನ ಗಡಿಯನ್ನು ಒಂಟಿಯಾಗಿ ಸರಿಸೋ ಅಧಿಕಾರ ಇರಲಿಲ್ಲ.