ಬ್ರೂಕ್‌ಲೈನಿನ ಬೀದಿಯಲ್ಲಿ ಟರ್ಕಿ ಕೋಳಿಗಳು

ಅಮೆರಿಕದ ಬಾಸ್ಟನ್ ನಗರಕ್ಕೆ ಅಂಟಿಕೊಂಡಂತೆ ಬ್ರೂಕ್‌ಲೈನ್ ಎಂಬ ಊರಿದೆ. ಅಧ್ಯಕ್ಷ ಜಾನ್ ಎಫ್. ಕೆನಡಿ ಹುಟ್ಟಿದ ಊರು. ಮನೆಗಳು ಒತ್ತಾಗಿರುವ, ಟ್ರಾಮು ಓಡಾಡುವ ಈ ಊರಿನ ಫುಟ್‌ಪಾತುಗಳಲ್ಲಿ ಕಾಡು ಟರ್ಕಿ ಕೋಳಿಗಳು ಗುಂಪುಗಟ್ಟಿ ಅಡ್ಡಾಡುತ್ತವೆ. ಹಗಲೆಲ್ಲ ಅಂಗಳದ ಹುಲ್ಲು ಕೆದಕಿ ಹುಳು, ಬೀಜ, ಓಕ್ ಮರದ ಕಾಯಿಗಳನ್ನು ಆರಿಸಿ ತಿನ್ನುತ್ತವೆ. ಸಂಜೆಯಾದರೆ ಹಾರಿ ಮರದ ಕೊಂಬೆ ಸೇರುತ್ತವೆ. ವಸಂತದಲ್ಲಿ ಗಂಡುಗಳು ಬಾಲ ಬಿಚ್ಚಿ ರಸ್ತೆಯ ನಡುವೆ ನಿಲ್ಲುತ್ತವೆ. ಕಾರಿನ ಹೊಳಪಿನಲ್ಲಿ ತಮ್ಮದೇ ಬಿಂಬ ಕಂಡು, ಎದುರಾಳಿಯೆಂದು ಕುಕ್ಕುತ್ತವೆ. ಕೆಲವೊಮ್ಮೆ ದಾರಿಹೋಕರನ್ನೂ ಅಟ್ಟಿಸಿಕೊಂಡು ಹೋಗುತ್ತವೆ. ಕಾಡು ಕರಗಿದ್ದರಿಂದ ಊರಿಗೆ ಬಂದಿರಬೇಕು ಎಂದು ನೋಡಿದವರಿಗೆ ಅನ್ನಿಸುವುದು ಸಹಜ. ಆದರೆ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಈ ಹಕ್ಕಿಯ ಚರಿತ್ರೆ ಬೇರೆಯೇ ಇದೆ.

ಇಂಗ್ಲಿಷರು ಬರುವ ಮೊದಲೇ ಇಲ್ಲಿನ ವಾಂಪನೋಗ್ ಜನ ಟರ್ಕಿಯನ್ನು ಬೇಟೆಯಾಡುತ್ತಿದ್ದರು, ಅದರ ಗರಿಗಳಿಂದ ಹೊದಿಕೆ ನೇಯುತ್ತಿದ್ದರು. 1634ರಲ್ಲಿ ನ್ಯೂ ಇಂಗ್ಲೆಂಡನ್ನು ವರ್ಣಿಸಿದ ವಿಲಿಯಂ ವುಡ್, ಒಂದೊಂದು ಹಿಂಡಿನಲ್ಲಿ ನಲವತ್ತು, ಅರವತ್ತು, ನೂರು ಹಕ್ಕಿಗಳವರೆಗೆ ಇರುತ್ತವೆ ಎಂದು ಬರೆದ. ಕೇವಲ 38 ವರ್ಷಗಳ ನಂತರ, 1672ರಲ್ಲಿ, ಜಾನ್ ಜೋಸೆಲಿನ್ ಬರೆದದ್ದು ಬೇರೆ ಮಾತು: ಈಗ ಕಾಡಿನಲ್ಲಿ ಟರ್ಕಿ ಕಣ್ಣಿಗೆ ಬೀಳುವುದೇ ಅಪರೂಪ.

ಬೇಟೆ ಶುರುಮಾಡಿದ್ದನ್ನು ಕೊಡಲಿ ಮುಗಿಸಿತು. ಹೊಲಕ್ಕೆ, ಹುಲ್ಲುಗಾವಲಿಗೆ, ಸೌದೆಗೆ ಎಂದು ರಾಜ್ಯದ ಕಾಡಿನ ಬಹುಭಾಗ ಬಯಲಾಯಿತು. ಅಲ್ಲಿನ ಕೊನೆಯ ಕಾಡು ಟರ್ಕಿ 1851ರಲ್ಲಿ ಮೌಂಟ್ ಟಾಮ್ ಬೆಟ್ಟದಲ್ಲಿ ಸತ್ತಿತೆಂಬುದು ದಾಖಲೆ. ಐದು ವರ್ಷಗಳ ಬಳಿಕ ಕಾಂಕರ್ಡಿನ ಹೆನ್ರಿ ಡೇವಿಡ್ ಥೋರೋ ತನ್ನ ದಿನಚರಿಯಲ್ಲಿ ಈ ನೆಲದಿಂದ ಅಳಿದುಹೋದ ಪ್ರಾಣಿಗಳ ಪಟ್ಟಿ ಮಾಡಿದ. ಅದರಲ್ಲಿ ಟರ್ಕಿಯೂ ಇತ್ತು. 1863ರಲ್ಲಿ ಅಧ್ಯಕ್ಷ ಲಿಂಕನ್ ಥ್ಯಾಂಕ್ಸ್‌ಗಿವಿಂಗ್ ಹಬ್ಬವನ್ನು ಇಡೀ ದೇಶಕ್ಕೆ ಘೋಷಿಸಿದಾಗ, ಹಬ್ಬದ ಮೂಲಕಥೆ ನಡೆದ ಈ ರಾಜ್ಯದಲ್ಲೇ ಕಾಡು ಟರ್ಕಿ ಉಳಿದಿರಲಿಲ್ಲ. ಹಬ್ಬದ ತಟ್ಟೆಗೆ ಬಂದದ್ದು ಸಾಕಿದ ತಳಿ. ಅದರ ಪೂರ್ವಜರನ್ನು ಪಳಗಿಸಿದವರು ಮೆಕ್ಸಿಕೋದ ಜನ. ಅದು ಯುರೋಪಿಗೆ ಹೋಗಿ, ವಲಸಿಗರ ಜೊತೆ ಮತ್ತೆ ಅಟ್ಲಾಂಟಿಕ್ ದಾಟಿ ಬಂದಿತ್ತು.

ಆಮೇಲೆ ರೈತರು ಪಶ್ಚಿಮದ ಫಲವತ್ತಾದ ನೆಲಕ್ಕೂ ಗಿರಣಿಗಳಿರುವ ಪಟ್ಟಣಗಳಿಗೂ ಹೊರಟರು. ಬಿಟ್ಟ ಹೊಲಗಳಲ್ಲಿ ಕಾಡು ತಾನೇ ಎದ್ದಿತು. ಕಾಡು ಬಂದರೂ ಹಕ್ಕಿ ಬರಲಿಲ್ಲ. ಇಪ್ಪತ್ತನೇ ಶತಮಾನದಲ್ಲಿ ಫಾರಂನಲ್ಲಿ ಬೆಳೆಸಿದ ಟರ್ಕಿಗಳನ್ನು ಮತ್ತೆ ಮತ್ತೆ ಕಾಡಿಗೆ ಬಿಟ್ಟು ನೋಡಿದರು. ಕಾಡಿನಲ್ಲಿ ಬದುಕುವುದು ಅವಕ್ಕೆ ಗೊತ್ತಿರಲಿಲ್ಲ. ಕೊನೆಗೆ 1972–73ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಬಲೆ ಹಾಕಿ ಹಿಡಿದ 37 ಕಾಡು ಹಕ್ಕಿಗಳನ್ನು ಪಶ್ಚಿಮದಂಚಿನ ಬರ್ಕ್‌ಷೈರ್ ಬೆಟ್ಟಗಳಲ್ಲಿ ಬಿಟ್ಟರು. 1978ರ ಹೊತ್ತಿಗೆ ಅವು ಸುಮಾರು ಸಾವಿರವಾದವು. ಅಲ್ಲಿಂದ ಹಿಡಿದು ಬೇರೆ ಜಿಲ್ಲೆಗಳಿಗೂ ಸಾಗಿಸಿದರು. ಇಂದು ರಾಜ್ಯದಲ್ಲಿ 25,000ಕ್ಕೂ ಹೆಚ್ಚು ಇವೆ.

ಅವುಗಳನ್ನು ತಂದವರ ಕಣ್ಣಮುಂದಿದ್ದದ್ದು ಕಾಡು. ಹಕ್ಕಿಗಳು ಅಲ್ಲಿಗೇ ನಿಲ್ಲಲಿಲ್ಲ. ಹಳೆಯ ಓಕ್ ಮರಗಳು, ನಡುನಡುವೆ ಬಯಲು, ಜನ ತೂಗುಹಾಕಿದ ಕಾಳಿನ ಡಬ್ಬಿ: ಹೊರವಲಯದ ಊರುಗಳಲ್ಲಿ ಬೇಕಾದದ್ದೆಲ್ಲ ಇತ್ತು. ಕಾಡಿನಲ್ಲಿ ಟರ್ಕಿ ಬೇಟೆಗೆ 1980ರಿಂದ ಮತ್ತೆ ಋತು ಗೊತ್ತುಮಾಡಲಾಗಿದೆ. ಆದರೆ ಜನವಾಸದ ಮನೆಯಿಂದ 500 ಅಡಿಯೊಳಗೆ ಮನೆಯವರ ಅನುಮತಿಯಿಲ್ಲದೆ ಬೇಟೆಯಾಡುವಂತಿಲ್ಲ. ಮನುಷ್ಯರ ಬಂದೂಕಿಗೆ ಅಳಿದ ಹಕ್ಕಿಗೆ ಈಗ ಮನುಷ್ಯರ ಮನೆಯ ಮಗ್ಗುಲೇ ಬಂದೂಕಿಲ್ಲದ ಜಾಗ.

ಅಪಾಯ ಬರುವುದು ಪ್ರೀತಿಯಿಂದ. ಟರ್ಕಿ ಗುಂಪಿನಲ್ಲಿ ಮೇಲು ಕೀಳಿನ ಕಟ್ಟುನಿಟ್ಟಾದ ಸಾಲಿದೆ. ಕಾಳು ಹಾಕುವ ಕೈಗೆ ಒಗ್ಗಿ ಹೆದರಿಕೆ ಬಿಟ್ಟ ಗಂಡು, ಮನುಷ್ಯರನ್ನೂ ಆ ಸಾಲಿಗೆ ಸೇರಿಸಿ, ತನಗಿಂತ ಕೆಳಗಿನವರೆಂದು ಕಂಡವರ ಮೇಲೆ ಎರಗುತ್ತದೆ. ಅದನ್ನು ಹಿಡಿದು ಬೇರೆಡೆ ಬಿಡಲು ನಿವಾಸಿಗಳಿಗೆ ಕಾನೂನಿನ ಅವಕಾಶವಿಲ್ಲ. ತೀರಾ ಮೇಲೆ ಬೀಳುವ ಹಕ್ಕಿಯನ್ನು ಕೊಲ್ಲಬೇಕಾಗಿಯೂ ಬರಬಹುದು. ಅದಕ್ಕೇ ಅಧಿಕಾರಿಗಳು ಹೇಳುವುದು ಇಷ್ಟು: ಕಾಳು ಹಾಕಬೇಡಿ, ಹತ್ತಿರ ಬಂದರೆ ಹೆದರಿ ಓಡಬೇಡಿ, ಪೊರಕೆ ಬೀಸಿ, ಪೈಪಿನ ನೀರು ಹಾರಿಸಿ ಓಡಿಸಿ. ನೂರಿಪ್ಪತ್ತು ವರ್ಷ ಕಾಣೆಯಾಗಿದ್ದ ಹಕ್ಕಿ ಬಾಗಿಲಿಗೆ ಬಂದಾಗ ಪೊರಕೆ ಎತ್ತುವುದು ಯಾರಿಗೂ ಇಷ್ಟವಾಗದು. ಆದರೂ ಅದು ಈ ಬೀದಿಯಲ್ಲಿ ಬದುಕಿ ಉಳಿಯಬೇಕಾದರೆ ಅದಕ್ಕೆ ನಮ್ಮ ಕಂಡರೆ ಒಂದಿಷ್ಟು ಭಯವಿರಲೇಬೇಕು.